ತರಗತಿಯಲ್ಲೊಂದು ಸಿಗಡಿ ತೊಟ್ಟಿ

ಕೆಲವು ವರ್ಷಗಳ ಹಿಂದೆ ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಆರನೆಯ ತರಗತಿಯಲ್ಲಿ ನಾನು ಒಂದು ಗಾಜಿನ ತೊಟ್ಟಿಯನ್ನು ಇರಿಸಿದೆ. ಸೋಮವಾರ ಬೆಳಿಗ್ಗೆ ಮರಳನ್ನು ತೊಳೆದು ಹಾಸಿ, ಶಾಲೆಯ ಬಾವಿಯ ನೀರನ್ನು ತುಂಬಿ, ಅದೇ ಸಂಜೆ ನಗರದಿಂದ ತರಿಸಿದ ಹನ್ನೆರಡು ಕೆಂಪು ಸಿಗಡಿಗಳನ್ನು ಅದರಲ್ಲಿ ಬಿಟ್ಟೆವು. ಮಕ್ಕಳಿಗೆ ಹಬ್ಬವೇ ಆಯಿತು. ಮಧ್ಯಾಹ್ನದೂಟದ ಅನ್ನದ ಅಗುಳುಗಳು ಒಂದೊಂದಾಗಿ ತೊಟ್ಟಿಗೆ ಬಿದ್ದವು. ಗುರುವಾರದ ಹೊತ್ತಿಗೆ ಒಂದು ಸಿಗಡಿಯೂ ಉಳಿದಿರಲಿಲ್ಲ. ಸತ್ತ ಸಿಗಡಿಗಳನ್ನು ಶಾಲೆಯ ತೋಟದಲ್ಲಿ ಹೂಳುವಾಗ ಒಬ್ಬ ಹುಡುಗಿ ಕೇಳಿದಳು: “ನೀರು ಒಳ್ಳೆ ತಿಳಿ ಉಂಟಲ್ಲ ಸರ್, ಮತ್ತೆ ಯಾಕೆ ಸತ್ತದ್ದು?”

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ತಿಳಿದದ್ದು ಇಷ್ಟು: ತಿಳಿಯಾದ ನೀರೆಲ್ಲ ಜೀವಿಗಳಿಗೆ ಒಗ್ಗುವ ನೀರಲ್ಲ. ಕಣ್ಣಿಗೆ ಕಾಣುವ ಜೀವಿಯನ್ನು ತೊಟ್ಟಿಗೆ ಬಿಡುವುದಕ್ಕೆ ಮೊದಲು ಕಣ್ಣಿಗೆ ಕಾಣದ ಜೀವಿಗಳು ಅಲ್ಲಿ ನೆಲೆಸಿರಬೇಕು. ಅದಕ್ಕೆ ಸುಮಾರು ಆರು ವಾರಗಳ ಕಾಲ ಬೇಕು. ಈ ಆರು ವಾರಗಳನ್ನು ಹೇಗೆ ಕಳೆಯಬೇಕು, ಅನಂತರ ಕನಿಷ್ಠ ಸಲಕರಣೆಗಳಿಂದ ಸಿಗಡಿ ತೊಟ್ಟಿಯನ್ನು ಹೇಗೆ ಪಾಲಿಸಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಇದು ಉನ್ನತ ಪ್ರಾಥಮಿಕ ಮತ್ತು ಪ್ರೌಢ ತರಗತಿಗಳ ವಿಜ್ಞಾನ ಪಾಠಗಳಿಗೆ ಪೂರಕ. ಭಾಷಾಪಾಠಕ್ಕೂ ಅಷ್ಟೇ ಉಪಯುಕ್ತ.

ಜೀವಿ ಮತ್ತು ಪದ

ಗಡಿನಾಡಿನ ಕನ್ನಡ ತರಗತಿಯಲ್ಲಿ ‘ಸಿಗಡಿ’ ಎಂಬ ಪದವೇ ಮೊದಲ ಪಾಠವಾಗಬಲ್ಲದು. ಕಾಸರಗೋಡಿನ ಮಗು ಮನೆಯಲ್ಲಿ ತುಳುವಿನ ‘ಎಟ್ಟಿ’ಯನ್ನೂ ಮಾರುಕಟ್ಟೆಯಲ್ಲಿ ಮಲಯಾಳದ ‘ಚೆಮ್ಮೀನ್’ ಅಥವಾ ‘ಕೊಂಜ್’ ಎಂಬುದನ್ನೂ ಕೇಳಿರುತ್ತದೆ. ಗೋವೆಯ ಮಗುವಿಗೆ ಕೊಂಕಣಿಯ ‘ಸುಂಗಟ’ ಗೊತ್ತು. ಹೊಸೂರು, ತಾಳವಾಡಿಗಳಲ್ಲಿ ತಮಿಳಿನ ‘ಇರಾಲ್’, ಆದವಾನಿ, ರಾಯದುರ್ಗಗಳಲ್ಲಿ ತೆಲುಗಿನ ‘ರೊಯ್ಯ’, ಸೊಲ್ಲಾಪುರದಲ್ಲಿ ಮರಾಠಿಯ ‘ಕೋಳಂಬಿ’ ಕಿವಿಗೆ ಬಿದ್ದಿರಬಹುದು. ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳಿಗೆ ‘ಸಿಗಡಿ’ ಎಂದೊಡನೆ ಇದ್ದಿಲ ಒಲೆ ನೆನಪಾದರೆ ಆಶ್ಚರ್ಯವಿಲ್ಲ. ಮರಾಠಿಯಲ್ಲಿ ಒಲೆಗೆ ‘ಶೇಗಡಿ’ ಎನ್ನುತ್ತಾರೆ. ಈ ಎಲ್ಲ ಪದಗಳನ್ನೂ ಮಕ್ಕಳಿಂದಲೇ ಹೇಳಿಸಿ ಕರಿಹಲಗೆಯ ಮೇಲೆ ಬರೆಯಬೇಕು. ಯಾವ ಪದವನ್ನೂ ತಪ್ಪೆಂದು ಅಳಿಸಬಾರದು. ಪಠ್ಯದ ಪದಕ್ಕೆ ಜೀವಂತ ವಸ್ತುವಿನ ಪರಿಚಯ ದೊರೆತಾಗ ಅದು ಮನೆಯ ಪದದ ಪಕ್ಕದಲ್ಲಿ ತಾನಾಗಿ ನೆಲೆಗೊಳ್ಳುತ್ತದೆ.

ತರಗತಿಯ ತೊಟ್ಟಿಗೆ ಸೂಕ್ತವಾದದ್ದು ‘ಚೆರ್ರಿ ಸಿಗಡಿ’ ಎಂದು ಅಂಗಡಿಗಳಲ್ಲಿ ದೊರೆಯುವ ಪುಟ್ಟ ಸಿಹಿನೀರಿನ ಸಿಗಡಿ. ಇದರ ವೈಜ್ಞಾನಿಕ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಚೀನದ ಪೂರ್ವಭಾಗ ಮತ್ತು ತೈವಾನ್ ಇದರ ಮೂಲನೆಲೆ. ಬೆಳೆದ ಸಿಗಡಿಯ ಉದ್ದ 2ರಿಂದ 3 ಸೆಂಟಿಮೀಟರ್, ಆಯುಷ್ಯ ಒಂದರಿಂದ ಎರಡು ವರ್ಷ. ಹೊಳೆಯಲ್ಲಿರುವ ಮೂಲ ತಳಿ ಕಂದು ಛಾಯೆಯ ಪಾರದರ್ಶಕ ಜೀವಿ. ಕೆಂಪು ಬಣ್ಣ ಸಾಕುವವರು ತಲೆಮಾರುಗಳ ಆಯ್ಕೆಯಿಂದ ಗಟ್ಟಿಗೊಳಿಸಿದ ಗುಣ.

ನಮ್ಮ ಹಿನ್ನೀರುಗಳ ದೊಡ್ಡ ಸಿಹಿನೀರಿನ ಸಿಗಡಿಯ ಮರಿಗಳು ಬೆಳೆಯಲು ಉಪ್ಪುಮಿಶ್ರಿತ ಅಳಿವೆಯ ನೀರು ಬೇಕು. ಚೆರ್ರಿ ಸಿಗಡಿಗೆ ಆ ಅಗತ್ಯವಿಲ್ಲ. ಮೊಟ್ಟೆಯೊಡೆದು ಹೊರಬರುವ ಮರಿ ತಾಯಿಯದೇ ಪುಟ್ಟ ಪ್ರತಿರೂಪವಾಗಿದ್ದು ಅದೇ ತೊಟ್ಟಿಯಲ್ಲಿ ಬೆಳೆಯುತ್ತದೆ. ಇಡೀ ಜೀವನಚಕ್ರ ಒಂದು ಶಾಲಾವರ್ಷದೊಳಗೆ ಮಕ್ಕಳ ಕಣ್ಣೆದುರು ನಡೆಯುವುದರಿಂದಲೇ ಇದು ತರಗತಿಗೆ ಹೊಂದುತ್ತದೆ.

ಬೇಕಾಗುವ ಸಾಮಗ್ರಿಗಳು

1. 45 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿ.
2. ತೋಟದ ಮಣ್ಣು, ಚೆನ್ನಾಗಿ ತೊಳೆದ ಹೊಳೆಯ ಮರಳು.
3. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮುಂತಾದ ಜಲಸಸ್ಯಗಳು. ಸಾಧ್ಯವಾದರೆ ಒಂದು ಹಿಡಿ ಜಲಪಾಚಿ.
4. ಸಣ್ಣ ಗಾಳಿಯಂತ್ರ ಮತ್ತು ಸ್ಪಂಜಿನ ಸೋಸುಕ.
5. ಬಾಯಿ ಮುಚ್ಚಲು ಸೊಳ್ಳೆಪರದೆಯ ಬಟ್ಟೆ.
6. ಒಂದು ಉಷ್ಣತಾಮಾಪಕ, ಒಂದು ಮುಚ್ಚಳವಿಲ್ಲದ ಬಕೆಟ್, ಒಂದು ದಪ್ಪ ನೋಟುಪುಸ್ತಕ.

ತೊಟ್ಟಿಯ ಗಾತ್ರವನ್ನು ಮಕ್ಕಳೇ ಲೆಕ್ಕ ಹಾಕಲಿ. ಅದು 28 ಲೀಟರಿಗೆ ಸ್ವಲ್ಪ ಹೆಚ್ಚು. ನೀರನ್ನು ಅಂಚಿನವರೆಗೆ ತುಂಬುವುದಿಲ್ಲವಾದರೂ ಮರಳು, ಮಣ್ಣು, ಗಾಜು ಸೇರಿದರೆ ಒಟ್ಟು ತೂಕ ಒಂದು ಸಣ್ಣ ಅಕ್ಕಿಮೂಟೆಯಷ್ಟಾಗುತ್ತದೆ. ಆದ್ದರಿಂದ ಅಲುಗಾಡದ, ಸಮತಟ್ಟಾದ ಮೇಜು ಬೇಕು. ನೇರ ಬಿಸಿಲು ಬೀಳದ, ಆದರೆ ಹಗಲುಬೆಳಕು ಸಾಕಷ್ಟು ದೊರೆಯುವ ಸ್ಥಳ ಉತ್ತಮ. ನೇರ ಬಿಸಿಲು ಬಿದ್ದರೆ ಪಾಚಿ ಮಿತಿಮೀರಿ ಬೆಳೆಯುವುದಲ್ಲದೆ ನೀರು ಕಾಯುತ್ತದೆ. ಇದಕ್ಕಿಂತ ಚಿಕ್ಕ ಪಾತ್ರೆ ಸುಲಭವೆಂದು ತೋರಿದರೂ ನಿಜದಲ್ಲಿ ಕಷ್ಟವೇ ಹೆಚ್ಚು. ನೀರು ಕಡಿಮೆಯಿದ್ದಷ್ಟೂ ಅದರ ಉಷ್ಣತೆಯೂ ಗುಣವೂ ಬೇಗ ಏರುಪೇರಾಗುತ್ತವೆ.

ಮಣ್ಣು, ಮರಳು, ಸಸ್ಯ

ದುಬಾರಿ ದೀಪ, ಗೊಬ್ಬರ, ಇಂಗಾಲದ ಡೈಆಕ್ಸೈಡಿನ ಸಿಲಿಂಡರುಗಳಿಲ್ಲದೆ ಮಣ್ಣು ಮತ್ತು ಸಸ್ಯಗಳ ಬಲದಿಂದಲೇ ತೊಟ್ಟಿಯನ್ನು ನಡೆಸುವ ಪದ್ಧತಿಗೆ ಅಮೆರಿಕದ ಜೀವವಿಜ್ಞಾನಿ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪ್ರಕಟಿಸಿದ ಪುಸ್ತಕ ವ್ಯಾಪಕ ಪ್ರಚಾರ ನೀಡಿತು. ಶಾಲೆಗಳಿಗೆ ಈ ಕ್ರಮವೇ ಅನುಕೂಲ. ತಳದಲ್ಲಿ ಎರಡು ಸೆಂಟಿಮೀಟರ್ ಮಣ್ಣು, ಅದರ ಮೇಲೆ ಎರಡರಿಂದ ಮೂರು ಸೆಂಟಿಮೀಟರ್ ಮರಳು. ಮಣ್ಣಿನಲ್ಲಿ ಹಸಿ ಗೊಬ್ಬರ, ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಅಂಶ ಇರಬಾರದು. ಮರಳನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ನೀರು ತುಂಬುವಾಗ ಮರಳಿನ ಮೇಲೊಂದು ತಟ್ಟೆಯಿಟ್ಟು ಅದರ ಮೇಲೆ ನಿಧಾನವಾಗಿ ಸುರಿದರೆ ಮಣ್ಣು ಕದಡುವುದಿಲ್ಲ.

ಹೈಡ್ರಿಲ್ಲಾ ನಮ್ಮ ಕೆರೆಕಟ್ಟೆಗಳ ಸಸ್ಯ. ದ್ಯುತಿಸಂಶ್ಲೇಷಣೆಯಲ್ಲಿ ಆಮ್ಲಜನಕ ಬಿಡುಗಡೆಯಾಗುವುದನ್ನು ತೋರಿಸುವ ಪ್ರಯೋಗದ ಮೂಲಕ ಅದು ಶಿಕ್ಷಕರಿಗೆಲ್ಲ ಪರಿಚಿತ. ಕೆರೆಯಿಂದ ತಂದ ಸಸ್ಯಗಳನ್ನು ಬೇರೆ ಪಾತ್ರೆಯಲ್ಲಿ ಒಂದೆರಡು ವಾರ ಇರಿಸಿ, ಆಗಾಗ ನೀರು ಬದಲಿಸಿ, ಅವುಗಳೊಡನೆ ಬಂದಿರಬಹುದಾದ ಕೊಡತಿಹುಳುಗಳ ಮರಿಗಳನ್ನೂ ಜಿಗಣೆಗಳನ್ನೂ ಆರಿಸಿ ತೆಗೆಯಬೇಕು. ಸಸ್ಯಗಳನ್ನು ಧಾರಾಳವಾಗಿ ನೆಡಬೇಕು. ಅವು ನೆಳಲು, ಅಡಗುತಾಣ, ಆಮ್ಲಜನಕಗಳನ್ನು ಒದಗಿಸುವುದರ ಜೊತೆಗೆ ನೀರಿನಲ್ಲಿರುವ ಅಮೋನಿಯ ಮತ್ತು ನೈಟ್ರೇಟುಗಳನ್ನು ಆಹಾರವಾಗಿ ಹೀರಿಕೊಳ್ಳುತ್ತವೆ.

ಸ್ಪಂಜಿನ ಸೋಸುಕ ಎಂದರೆ ಗಾಳಿಗುಳ್ಳೆಗಳ ಎಳೆತದಿಂದ ನೀರು ಸ್ಪಂಜಿನೊಳಗೆ ಹಾದುಹೋಗುವ ಸರಳ ಸಾಧನ. ಮರಿಗಳು ಅದರೊಳಗೆ ಸೆಳೆದುಹೋಗಲಾರವು. ಗಾಳಿಯಂತ್ರವನ್ನು ನೀರಿನ ಮಟ್ಟಕ್ಕಿಂತ ಮೇಲಿರಿಸಬೇಕು. ಇಲ್ಲವಾದರೆ ವಿದ್ಯುತ್ತು ನಿಂತಾಗ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಯಂತ್ರಕ್ಕೆ ಇಳಿಯುತ್ತದೆ. ವಿದ್ಯುತ್ ಸೌಕರ್ಯವಿಲ್ಲದ ತರಗತಿಯಲ್ಲಿ ಸಸ್ಯಗಳನ್ನು ಹೆಚ್ಚಿಸಿ, ಸಿಗಡಿಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ ತೊಟ್ಟಿಯನ್ನು ನಡೆಸಬಹುದು.

ನೀರು: ಊರಿಗೊಂದು ಗುಣ

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಂಥ ನೀರನ್ನು ಅಗಲಬಾಯಿಯ ಬಕೆಟಿನಲ್ಲಿ ತೆರೆದಿಟ್ಟು ಒಂದರಿಂದ ಎರಡು ದಿನ ಕಳೆದ ಮೇಲೆ ಬಳಸಬೇಕು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನಗಳಲ್ಲಿ ಬಾವಿಯ ನೀರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಈ ಕೈಪಿಡಿಯನ್ನು ಬಳಸುವ ಶಾಲೆಗಳು ಒಂದೇ ಬಗೆಯ ನೀರು, ಹವೆಗಳಲ್ಲಿಲ್ಲ. ಕಾಸರಗೋಡಿನ ಕೆಂಪುಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೃದು ಹಾಗೂ ತುಸು ಆಮ್ಲೀಯ. ಸಿಗಡಿಯ ಚಿಪ್ಪಿಗೆ ಸುಣ್ಣದ ಅಂಶ ಬೇಕಾಗಿರುವುದರಿಂದ ಇಲ್ಲಿ ಕುದಿಸಿ ಒಣಗಿಸಿದ ಮೊಟ್ಟೆಯ ಸಿಪ್ಪೆಯ ಚೂರುಗಳನ್ನೋ ಶುಚಿಗೊಳಿಸಿದ ಒಂದೆರಡು ಮರುವಾಯಿ ಚಿಪ್ಪುಗಳನ್ನೋ ತೊಟ್ಟಿಯಲ್ಲಿರಿಸಬೇಕು. ಸೊಲ್ಲಾಪುರ, ಆದವಾನಿ, ಮಡಕಶಿರಾ ಕಡೆಗಳಲ್ಲಿ ಕೊಳವೆಬಾವಿಯ ನೀರು ಗಡುಸಾಗಿರುವುದು ಹೆಚ್ಚು. ಅಲ್ಲಿ ಸುಣ್ಣ ಸೇರಿಸುವ ಪ್ರಶ್ನೆಯಿಲ್ಲ. ಬೇಸಿಗೆಯಲ್ಲಿ ನೀರು ಆವಿಯಾದಾಗ ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಅದೇ ಗಡಸು ನೀರನ್ನು ಮತ್ತೆ ಮತ್ತೆ ತುಂಬಿದರೆ ಲವಣಾಂಶ ಏರುತ್ತ ಹೋಗುತ್ತದೆ. ಆವಿಯಾದಷ್ಟನ್ನು ಸಂಗ್ರಹಿಸಿಟ್ಟ ಮಳೆನೀರಿನಿಂದ ಅಥವಾ ಕುದಿಸಿ ಆರಿಸಿ ತಿಳಿತೆಗೆದ ನೀರಿನಿಂದ ತುಂಬುವುದು ಲೇಸು. ತಾತ್ಕಾಲಿಕ ಗಡಸುತನವು ಕುದಿಸುವುದರಿಂದ ಹೋಗುತ್ತದೆ ಎಂಬ ಪಾಠದ ಮಾತಿಗೆ ಪಾತ್ರೆಯ ತಳದ ಬಿಳಿಯ ಪೊರೆಯೇ ಸಾಕ್ಷಿ.

ಚೆರ್ರಿ ಸಿಗಡಿಗೆ 20ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ನೀಲಗಿರಿಯ ಚಳಿಗಾಲದಲ್ಲಿ ಅವು ಮಂಕಾಗಿ, ಮರಿಹಾಕುವುದನ್ನು ನಿಲ್ಲಿಸಬಹುದು, ಗಾಬರಿಗೆ ಕಾರಣವಿಲ್ಲ. ಅಪಾಯವಿರುವುದು ಬಿಸಿಯಲ್ಲಿ. ನೀರು 30 ಡಿಗ್ರಿ ದಾಟಿದರೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ತೊಟ್ಟಿಯನ್ನು ತಂಪಾದ ನೆಲದ ಮೇಲಿಳಿಸಿ, ಸುತ್ತ ಒದ್ದೆ ಗೋಣಿಯನ್ನು ಹೊದಿಸಿದರೆ ಮಣ್ಣಿನ ಹೂಜಿಯ ನೀರು ತಣ್ಣಗಾಗುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಕಾಯುವ ಆರು ವಾರಗಳು

ಶಿಕ್ಷಕರು ಅತ್ಯಂತ ಗಮನವಿಡಬೇಕಾದ ಹಂತ ಇದು. ಯಾವ ಪ್ರಾಣಿಯನ್ನೇ ಆಗಲಿ ನೀರಿನಲ್ಲಿಟ್ಟರೆ ಅದು ಅಮೋನಿಯವನ್ನು ಹೊರಹಾಕುತ್ತದೆ. ಸಿಗಡಿಯಲ್ಲಿ ಈ ವಿಸರ್ಜನೆ ಬಹುಮಟ್ಟಿಗೆ ಕಿವಿರುಗಳ ಮೂಲಕ ನಡೆಯುತ್ತದೆ. ಉಳಿದ ಆಹಾರ, ಕೊಳೆತ ಎಲೆಗಳಿಂದಲೂ ಅಮೋನಿಯ ಹುಟ್ಟುತ್ತದೆ. ಹೊಳೆಯಲ್ಲಿ ಅದು ಹರಿದು ಹೋಗುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹವಾಗುತ್ತದೆ. ಅದಕ್ಕೆ ಬಣ್ಣವಿಲ್ಲ. ಸಿಗಡಿಯನ್ನು ಕೊಲ್ಲುವಷ್ಟು ಪ್ರಮಾಣದಲ್ಲಿದ್ದಾಗಲೂ ನೀರು ಸ್ಫಟಿಕದಂತೆಯೇ ಕಾಣುತ್ತದೆ. ನನ್ನ ತರಗತಿಯ ಹನ್ನೆರಡು ಸಿಗಡಿಗಳು ಸತ್ತದ್ದು ಹೀಗೆ.

ಈ ವಿಷವನ್ನು ನಿವಾರಿಸುವವು ಎರಡು ಗುಂಪಿನ ಬ್ಯಾಕ್ಟೀರಿಯಗಳು. ನೈಟ್ರೋಸೋಮೊನಾಸ್ ಮುಂತಾದವು ಅಮೋನಿಯವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೋಸ್ಪೈರಾ ಮುಂತಾದವು ಅದನ್ನು ಬಹಳ ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟನ್ನು ಸಸ್ಯಗಳು ಹೀರುತ್ತವೆ. ಪಠ್ಯದಲ್ಲಿ ಬಾಣದ ಗುರುತುಗಳಿಂದ ಚಿತ್ರಿಸಿರುವ ಸಾರಜನಕ ಚಕ್ರದ ಒಂದು ಭಾಗ ಇದು. ಮಣ್ಣಿನಲ್ಲಿ ಈ ಕಾರ್ಯ ನಡೆಸುವ ಸೂಕ್ಷ್ಮಜೀವಿಗಳನ್ನು ಪ್ರತ್ಯೇಕಿಸಿ ತೋರಿಸಿದವರಲ್ಲಿ ಮುಖ್ಯರಾದವರು ರಷ್ಯಾ ಮೂಲದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಕಾಲ 1890ರ ಸುಮಾರು.

ಈ ಬ್ಯಾಕ್ಟೀರಿಯಗಳು ಎಲ್ಲೆಡೆಯೂ ಇವೆ, ಕೊಂಡುತರಬೇಕಾಗಿಲ್ಲ. ಆದರೆ ಅವುಗಳ ವೃದ್ಧಿ ನಿಧಾನ. ಅನೇಕ ಸಾಮಾನ್ಯ ಬ್ಯಾಕ್ಟೀರಿಯಗಳು ಅನುಕೂಲ ಸನ್ನಿವೇಶದಲ್ಲಿ ಅರ್ಧ ಗಂಟೆಯೊಳಗೆ ಇಮ್ಮಡಿಸುತ್ತವೆ. ಇವಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ನೀರಿನಲ್ಲಿ ತೇಲುವುದಕ್ಕಿಂತ ಮರಳು, ಗಾಜು, ಎಲೆ, ಸ್ಪಂಜುಗಳ ಮೇಲ್ಮೈಗೆ ಅಂಟಿಕೊಂಡು ಬದುಕುವುದೇ ಹೆಚ್ಚು. ಸ್ಪಂಜನ್ನು ಎಂದಿಗೂ ನಲ್ಲಿಯ ನೀರಿನಲ್ಲಿ ಉಜ್ಜಿ ತೊಳೆಯಬಾರದೆಂಬ ನಿಯಮ ಇದರಿಂದಲೇ ಬಂದದ್ದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೃದುವಾಗಿ ಹಿಂಡಬೇಕು.

ತೊಟ್ಟಿ ಸಿದ್ಧವಾದ ದಿನದಿಂದ ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಬೇಕು. ಆಹಾರ ಕೊಳೆತು ಅಮೋನಿಯವಾಗುತ್ತದೆ. ಬ್ಯಾಕ್ಟೀರಿಯಗಳಿಗೆ ಅದೇ ಅನ್ನ. ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾದ್ರಾವಣಗಳಿಂದ ವಾರಕ್ಕೆರಡು ಬಾರಿ ಅಮೋನಿಯ, ನೈಟ್ರೈಟ್, ನೈಟ್ರೇಟುಗಳನ್ನು ಅಳೆದು ನಕ್ಷೆ ಬರೆಯಿಸಬಹುದು. ಮೊದಲು ಅಮೋನಿಯದ ರೇಖೆ ಏರಿ ಇಳಿಯುತ್ತದೆ. ಅದು ಇಳಿಯುವಾಗ ನೈಟ್ರೈಟಿನ ರೇಖೆ ಏರುತ್ತದೆ. ಅದೂ ಇಳಿದಾಗ ನೈಟ್ರೇಟ್ ಉಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಅಮೋನಿಯ, ನೈಟ್ರೈಟ್ ಎರಡೂ ಒಂದು ವಾರ ಸೊನ್ನೆಯಲ್ಲಿ ನಿಂತರೆ ತೊಟ್ಟಿ ಸಿದ್ಧವೆಂದು ಅರ್ಥ. ಸಸ್ಯಗಳು ಹುಲುಸಾಗಿದ್ದರೆ ಅವೇ ಅಮೋನಿಯವನ್ನು ಹೀರುವುದರಿಂದ ಏರಿಳಿತ ಅಷ್ಟು ಸ್ಪಷ್ಟವಾಗಿ ಕಾಣದಿರಬಹುದು. ಪರೀಕ್ಷಾದ್ರಾವಣವಿಲ್ಲದ ಶಾಲೆಯವರು ಪೂರ್ತಿ ಆರು ವಾರ ಕಾಯಬೇಕು. ಗಾಜಿನ ಮೇಲೆ ಮೊದಲು ಕಂದು ಪೊರೆ, ಅನಂತರ ಹಸಿರು ಪಾಚಿ ಮೂಡುವುದನ್ನು ಗುರುತಿಸಬೇಕು. ಹಳೆಯ ತೊಟ್ಟಿಯಿರುವ ಶಾಲೆಯಿಂದ ಸ್ಪಂಜು ಹಿಂಡಿದ ಕಂದು ನೀರನ್ನು ಒಂದು ಲೋಟ ತಂದು ಸುರಿದರೆ ಕಾಲಾವಧಿ ಕಡಿಮೆಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ.

ಮೀನಿಲ್ಲದ ತೊಟ್ಟಿಯಲ್ಲಿ ಸೊಳ್ಳೆ ಮೊಟ್ಟೆಯಿಡುವ ಸಂಭವವಿದೆ. ಸಿಗಡಿಗಳು ಸೊಳ್ಳೆಮರಿಗಳನ್ನು ನಿಯಂತ್ರಿಸುವುದಿಲ್ಲ. ಆದ್ದರಿಂದ ತೊಟ್ಟಿಯ ಬಾಯಿಗೆ ಮೊದಲ ದಿನದಿಂದಲೇ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿರಬೇಕು. ಸೊಳ್ಳೆಮರಿಗಳನ್ನು ಕೊಲ್ಲುವ ಔಷಧಿಯನ್ನು ಯಾವ ಕಾರಣಕ್ಕೂ ಹಾಕಬಾರದು.

ಸಿಗಡಿಗಳ ಆಗಮನ

ಮೊದಲ ಸಲ ಹತ್ತರಿಂದ ಹನ್ನೆರಡು ಸಿಗಡಿಗಳು ಸಾಕು. ಅಂಗಡಿಯ ನೀರಿಗೂ ನಮ್ಮ ತೊಟ್ಟಿಯ ನೀರಿಗೂ ಉಷ್ಣತೆ, ಆಮ್ಲೀಯತೆ, ಲವಣಾಂಶಗಳಲ್ಲಿ ವ್ಯತ್ಯಾಸವಿರುತ್ತದೆ. ಹಠಾತ್ ಬದಲಾವಣೆಯನ್ನು ಸಿಗಡಿ ತಾಳದು. ಚೀಲವನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಅನಂತರ ಸಿಗಡಿಗಳನ್ನು ಅದೇ ನೀರಿನೊಡನೆ ಒಂದು ಪಾತ್ರೆಗೆ ಸುರಿದು, ತೊಟ್ಟಿಯ ನೀರನ್ನು ತೆಳುಕೊಳವೆಯ ಮೂಲಕ ಹನಿಹನಿಯಾಗಿ ಆ ಪಾತ್ರೆಗೆ ಬೀಳಿಸಬೇಕು. ಬಳಸದ ಹೊಸ ಗ್ಲೂಕೋಸ್ ಡ್ರಿಪ್ಪಿನ ಕೊಳವೆ ಇದಕ್ಕೆ ಬಹಳ ಅನುಕೂಲ. ಹನಿಯ ವೇಗವನ್ನು ಅದರ ಚಕ್ರದಿಂದಲೇ ಹೊಂದಿಸಬಹುದು. ಒಂದೂವರೆ ಗಂಟೆಯಲ್ಲಿ ಪಾತ್ರೆಯ ನೀರು ಮೂರು ಪಟ್ಟಾದಾಗ ಸಿಗಡಿಗಳನ್ನು ಬಲೆಯಿಂದ ಎತ್ತಿ ತೊಟ್ಟಿಗೆ ಬಿಡಬೇಕು. ಅಂಗಡಿಯ ನೀರನ್ನು ತೊಟ್ಟಿಗೆ ಸುರಿಯಬಾರದು.

ಆಹಾರ ಮತ್ತು ಪಾಲನೆ

ಸಿಗಡಿ ದಿನವಿಡೀ ಮೇಯುವ ಜೀವಿ. ಪಾಚಿ, ಎಲೆಗಳ ಮೇಲಿನ ಸೂಕ್ಷ್ಮಜೀವಿಗಳ ಪೊರೆ, ಕೊಳೆತ ಎಲೆ ಇವೇ ಅದರ ಮುಖ್ಯ ಆಹಾರ. ಒಣಗಿ ಉದುರಿದ ಬಾದಾಮಿ ಎಲೆ ಅಥವಾ ಸೀಬೆ ಎಲೆಯೊಂದನ್ನು ತೊಳೆದು ತೊಟ್ಟಿಯಲ್ಲಿಟ್ಟರೆ ಅದನ್ನು ವಾರಗಟ್ಟಲೆ ಮೇದು ನರಗಳ ಜಾಲವನ್ನಷ್ಟೇ ಉಳಿಸುತ್ತವೆ. ರೇಷ್ಮೆ ಬೆಳೆಯುವ ಹೊಸೂರು, ತಾಳವಾಡಿ ಕಡೆಯವರು ಔಷಧಿ ಹೊಡೆಯದ ಹಿಪ್ಪುನೇರಳೆ ಎಲೆಯನ್ನು ಬೇಯಿಸಿ ಹಾಕಬಹುದು. ವಾರಕ್ಕೆ ಎರಡು ಮೂರು ಬಾರಿ ಬೇಯಿಸಿದ ಪಾಲಕ್ ಸೊಪ್ಪಿನ ಒಂದು ಚೂರು ಅಥವಾ ಸಾಸಿವೆ ಕಾಳಿನಷ್ಟು ಒಣ ಆಹಾರ ಸಾಕು. ಎರಡು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಹಾಕಬೇಕು. ನೀರು ಕ್ಷಾರೀಯವಾದಷ್ಟೂ, ಬಿಸಿಯಾದಷ್ಟೂ ಅಮೋನಿಯದ ವಿಷಗುಣ ಹೆಚ್ಚುವುದರಿಂದ ಬಯಲುಸೀಮೆಯ ಶಾಲೆಗಳಲ್ಲಿ ಆಹಾರದ ಮಿತಿ ಇನ್ನಷ್ಟು ಬಿಗಿಯಾಗಿರಬೇಕು.

ಆಹಾರ ಹಾಕುವ ಹೊಣೆಯನ್ನು ವಾರಕ್ಕೊಬ್ಬ ವಿದ್ಯಾರ್ಥಿಗೆ ವಹಿಸಿ, ಹಾಕಿದ ದಿನ ಮತ್ತು ಸಮಯವನ್ನು ಪುಸ್ತಕದಲ್ಲಿ ಬರೆಯಿಸಬೇಕು. ಎಲ್ಲರೂ ಪ್ರೀತಿಯಿಂದ ಒಂದೊಂದು ಚೂರು ಹಾಕಿದರೆ ಆ ಪ್ರೀತಿಯೇ ವಿಷವಾಗುತ್ತದೆ. ವಾರಕ್ಕೊಮ್ಮೆ ತೊಟ್ಟಿಯ ನೀರಿನ ಹತ್ತನೆಯ ಒಂದು ಭಾಗವನ್ನು ತೆಗೆದು ತೆರೆದಿಟ್ಟ ನೀರನ್ನು ನಿಧಾನವಾಗಿ ಸೇರಿಸಿದರೆ ಪಾಲನೆ ಮುಗಿಯಿತು.

ಕಾಣದ ವಿಷಗಳು

ಸಿಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವ ವಸ್ತುವಿನಲ್ಲಿ ತಾಮ್ರವಿದೆ. ಆದರೂ ನೀರಿನಲ್ಲಿ ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದಕ್ಕೆ ಮಾರಕ. ಈ ಮಾತು ನಮ್ಮ ಊರುಗಳಲ್ಲಿ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತು ಮತ್ತು ಸುಣ್ಣ. ಮೈಲುತುತ್ತು ತಾಮ್ರದ ಸಲ್ಫೇಟ್. ವಯನಾಡಿನ ಕಾಫಿ, ಕಾಳುಮೆಣಸಿನ ತೋಟಗಳಿಗೂ ಸೊಲ್ಲಾಪುರ ಕಡೆಯ ದ್ರಾಕ್ಷಿಗೂ ಇದೇ ದ್ರಾವಣ ಬಳಕೆಯಲ್ಲಿದೆ. ನೀಲಗಿರಿಯ ಚಹಾ ತೋಟಗಳಲ್ಲಿಯೂ ತಾಮ್ರದ ಔಷಧಿಗಳನ್ನು ಸಿಂಪಡಿಸುತ್ತಾರೆ. ಇಂಥ ತೋಟಗಳ ಮಣ್ಣು, ಎಲೆ, ತೋಡಿನ ನೀರು ತೊಟ್ಟಿಗೆ ಸಲ್ಲವು. ಔಷಧಿ ತುಂಬಿದ್ದ ಬಕೆಟೂ ಸಲ್ಲದು. ತಾಮ್ರದ ಕೊಡದಲ್ಲಿಟ್ಟ ನೀರೂ ಬೇಡ. ಸೊಳ್ಳೆಬತ್ತಿ, ಸಿಂಪಡಿಸುವ ಕೀಟನಾಶಕಗಳಿಂದಲೂ ತೊಟ್ಟಿಯನ್ನು ದೂರವಿಡಬೇಕು. ತೊಟ್ಟಿಗೆ ಕೈಹಾಕುವ ಮೊದಲು ಕೈಯನ್ನು ಬರಿನೀರಿನಿಂದ ತೊಳೆಯಬೇಕು. ಹೊರತೆಗೆದ ಮೇಲೆ ಸಾಬೂನಿನಿಂದ ತೊಳೆಯಬೇಕು.

ತಿಳಿನೀರಿನಲ್ಲಿ ಕಾಣದ ವಿಷ ಇರಬಲ್ಲದೆಂಬುದನ್ನು ಕಾಸರಗೋಡಿನ ಶಿಕ್ಷಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲಾಯಿತು. ಎಣ್ಮಕಜೆ, ಪಡ್ರೆಗಳಂಥ ಊರುಗಳ ಸುರಂಗ, ತೋಡುಗಳ ನೀರು ನೋಡಲು ತಿಳಿಯಾಗಿಯೇ ಇತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕೀಟನಾಶಕದ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಆ ನೋವಿನ ಮನೆಗಳ ಮಕ್ಕಳು ತರಗತಿಯಲ್ಲಿರಬಹುದಾದ್ದರಿಂದ ಈ ವಿಷಯವನ್ನು ಉದಾಹರಣೆಯಾಗಿ ಎಳೆದು ತರಬೇಕಾಗಿಲ್ಲ. ಮಕ್ಕಳೇ ಅದನ್ನು ಎತ್ತಿದರೆ ಕೇಳುವ ಸಹನೆ ಶಿಕ್ಷಕರಲ್ಲಿರಬೇಕು.

ಅವಲೋಕನ ಮತ್ತು ಬರವಣಿಗೆ

ಪ್ರತಿದಿನ ಒಬ್ಬ ವಿದ್ಯಾರ್ಥಿ ಹತ್ತು ನಿಮಿಷ ತೊಟ್ಟಿಯ ಮುಂದೆ ಕುಳಿತು, ಕಂಡದ್ದನ್ನು ಐದು ವಾಕ್ಯಗಳಲ್ಲಿ ಬರೆಯಲಿ. ಮನೆಯ ನುಡಿಯ ಪದ ಬಂದರೆ ಬರಲಿ. ಕಾಣದಿದ್ದುದನ್ನು ಬರೆಯಬಾರದು ಎಂಬುದೊಂದೇ ನಿಯಮ. ಗಮನಕ್ಕೆ ತರಬಹುದಾದ ಕೆಲವು ಅಂಶಗಳು ಇವು:

ನಡೆಯುವ ಕಾಲುಗಳ ಐದು ಜೊತೆಗಳನ್ನು ಎಣಿಸಿದರೆ ದಶಪಾದಿ ಎಂಬ ಹೆಸರಿನ ಅರ್ಥ ತಿಳಿಯುತ್ತದೆ. ಹೊಟ್ಟೆಯ ಕೆಳಗಿನ ಈಜುಗಾಲುಗಳು ಬೇರೆಯೇ.

ಒಂದು ದಿನ ತಳದಲ್ಲಿ ಪಾರದರ್ಶಕವಾದ ಸಿಗಡಿಯ ಆಕೃತಿ ಬಿದ್ದಿರುತ್ತದೆ. ಮಕ್ಕಳು ಸಾವೆಂದು ಹೆದರುತ್ತಾರೆ. ಅದು ಕಳಚಿದ ಪೊರೆ. ಪೊರೆ ಕಳಚಿದ ಸಿಗಡಿಯ ಮೈ ಮೆತ್ತಗಿರುವುದರಿಂದ ಅದು ಒಂದೆರಡು ದಿನ ಅಡಗಿರುತ್ತದೆ. ಪೊರೆಯನ್ನು ತೆಗೆಯಬಾರದು; ಅದರ ಸುಣ್ಣದಂಶವನ್ನು ಸಿಗಡಿಗಳು ಮತ್ತೆ ತಿನ್ನುತ್ತವೆ.

ಬೆಳೆದ ಹೆಣ್ಣಿನ ತಲೆಯ ಹಿಂದೆ ಹಳದಿ ಅಥವಾ ಹಸಿರು ಛಾಯೆಯ ಕಲೆಯೊಂದು ಕಾಣುತ್ತದೆ, ಅದು ಅಂಡಾಶಯ. ಕೆಲವು ದಿನಗಳಲ್ಲಿ ಇಪ್ಪತ್ತು, ಮೂವತ್ತು ಮೊಟ್ಟೆಗಳು ಹೊಟ್ಟೆಯ ಕೆಳಗೆ ಬರುತ್ತವೆ. ತಾಯಿ ಅವನ್ನು ಈಜುಗಾಲುಗಳಿಂದ ಸದಾ ಬೀಸುತ್ತ ಗಾಳಿಯಾಡಿಸುತ್ತದೆ. ಮೂರು ನಾಲ್ಕು ವಾರಗಳಲ್ಲಿ ಅಕ್ಕಿನುಚ್ಚಿಗಿಂತ ಸಣ್ಣ ಮರಿಗಳು ಎಲೆಗಳ ಮೇಲೆ ಕಾಣಿಸಿಕೊಳ್ಳುತ್ತವೆ.

ರಜೆ ಮತ್ತು ಹೆಚ್ಚಾದ ಸಿಗಡಿಗಳು

ನೆಲೆಗೊಂಡ ತೊಟ್ಟಿಯಲ್ಲಿ ಸಿಗಡಿಗಳು ಎರಡು ವಾರ ಯಾರೂ ಆಹಾರ ಹಾಕದಿದ್ದರೂ ಪಾಚಿಯನ್ನು ಮೇದು ಬದುಕುತ್ತವೆ. ಬೇಸಿಗೆ ರಜೆ ಅದಕ್ಕಿಂತ ದೀರ್ಘ. ಆವಿಯಾದ ನೀರನ್ನು ತುಂಬಲು ಶಾಲೆಯ ಸಮೀಪದವರೊಬ್ಬರನ್ನು ಮೊದಲೇ ಗೊತ್ತುಮಾಡಬೇಕು, ಇಲ್ಲವೇ ಶಿಕ್ಷಕರೇ ಮನೆಗೊಯ್ಯಬೇಕು. ಈ ವ್ಯವಸ್ಥೆ ಸಾಧ್ಯವಿಲ್ಲದವರು ತೊಟ್ಟಿಯನ್ನು ಆರಂಭಿಸದಿರುವುದೇ ಲೇಸು.

ಹೆಚ್ಚಾದ ಸಿಗಡಿಗಳನ್ನು ತೋಡು, ಕೆರೆ, ಬಾವಿಗಳಿಗೆ ಬಿಡಲೇಬಾರದು. ಹವಾಯಿಯ ಹೊಳೆಗಳಲ್ಲಿಯೂ, ಜರ್ಮನಿ ಮತ್ತು ಪೋಲೆಂಡಿನಲ್ಲಿ ವಿದ್ಯುತ್ ಸ್ಥಾವರಗಳ ಬೆಚ್ಚನೆಯ ನೀರು ಸೇರುವ ಜಲಭಾಗಗಳಲ್ಲಿಯೂ ಈ ಸಿಗಡಿ ನೆಲೆಯೂರಿದೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಅವುಗಳದೇ ಆದ ಪುಟ್ಟ ಸಿಗಡಿಗಳಿವೆ. ಹೊರಗಿನಿಂದ ಬಂದ ಬಂಧುಗಳು ಅವುಗಳ ಮೇವನ್ನೂ ಜಾಗವನ್ನೂ ಕಸಿಯಬಲ್ಲವು. ಹೆಚ್ಚಾದವನ್ನು ಮತ್ತೊಂದು ಶಾಲೆಗೆ ಕೊಡಬೇಕು. ಅದರೊಡನೆ ಒಂದು ಲೋಟ ಸ್ಪಂಜಿನ ನೀರನ್ನೂ ಮಕ್ಕಳ ಅವಲೋಕನ ಪುಸ್ತಕದ ಪ್ರತಿಯೊಂದನ್ನೂ ಕೊಟ್ಟರೆ ಆ ಶಾಲೆ ನಮ್ಮ ತಪ್ಪುಗಳಿಂದ ಪಾರಾಗುತ್ತದೆ.

ತರಗತಿಯ ಚರ್ಚೆಗೆ

1. ಖಾಲಿ ತೊಟ್ಟಿಗೆ ಆಹಾರ ಹಾಕುವುದೇಕೆ?
2. ನೀರು ತಿಳಿಯಾಗಿರುವುದಕ್ಕೂ ಶುದ್ಧವಾಗಿರುವುದಕ್ಕೂ ಏನು ವ್ಯತ್ಯಾಸ? ನಿಮ್ಮ ಮನೆಯ ಕುಡಿಯುವ ನೀರು ಶುದ್ಧವೆಂದು ಹೇಗೆ ತಿಳಿಯುತ್ತೀರಿ?
3. ಸಿಗಡಿಯ ಪೊರೆಗೂ ಹಾವಿನ ಪೊರೆಗೂ ಇರುವ ಹೋಲಿಕೆ, ಭೇದಗಳೇನು?
4. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಪಠ್ಯದಲ್ಲಿ ಬೇರೆ ಬೇರೆ ಹೆಸರಿರುವ ಇನ್ನೂ ಐದು ಜೀವಿಗಳನ್ನು ಪಟ್ಟಿಮಾಡಿರಿ.

ಮೊದಲ ತೊಟ್ಟಿ ಸೋತ ಮೇಲೆ ಅದೇ ಗಾಜಿನ ತೊಟ್ಟಿಯನ್ನು ನಾವು ಮತ್ತೆ ಸಿದ್ಧಪಡಿಸಿದೆವು. ಈ ಸಲ ಆರು ವಾರಗಳವರೆಗೆ ಅದರಲ್ಲಿ ಬರಿಯ ನೀರು, ಎಲೆ, ಮರಳುಗಳಿದ್ದವು. ನೋಡಲು ಬಂದ ಬೇರೆ ತರಗತಿಯ ಮಕ್ಕಳು ಅದರಲ್ಲೇನೂ ಇಲ್ಲವೆಂದು ನಕ್ಕರು. ಹಿಂದೆ ಪ್ರಶ್ನೆ ಕೇಳಿದ್ದ ಹುಡುಗಿಯೇ ಅವರಿಗೆ ಉತ್ತರ ಹೇಳಿದಳು: “ಉಂಟು. ಕಾಣುವುದಿಲ್ಲ, ಅಷ್ಟೆ.”